ಬಂದದ್ದು ಹೆರಿಗೆ ನೋವೇ? ಕಷಾಯಕ್ಕಿಂತ ಗಡಿಯಾರ ನಂಬಿ

ತುಂಬು ಬಸುರಿಗೆ ನಡುರಾತ್ರಿ ಹೊಟ್ಟೆ ಗಟ್ಟಿಯಾಯಿತೆಂದರೆ ಮನೆಯಲ್ಲಿ ಎರಡು ಪಕ್ಷವಾಗುತ್ತದೆ. ಒಬ್ಬರು ಆಟೊ ಹುಡುಕಲು ಹೊರಡುತ್ತಾರೆ, ಇನ್ನೊಬ್ಬರು ಜೀರಿಗೆ ಕಷಾಯಕ್ಕೆ ನೀರಿಡುತ್ತಾರೆ. ಇಬ್ಬರೂ ಕೇಳುವುದು ಒಂದೇ ಪ್ರಶ್ನೆ: ನೋವು ಎಷ್ಟಿದೆ? ಆದರೆ ನೋವು ಎಷ್ಟಿದೆ ಎನ್ನುವುದಕ್ಕಿಂತ, ಹೊತ್ತು ಕಳೆದಂತೆ ಅದು ಹೇಗೆ ಬದಲಾಗುತ್ತಿದೆ ಎನ್ನುವುದೇ ಹೆಚ್ಚು ಹೇಳುತ್ತದೆ.

ತಪ್ಪು ಕಲ್ಪನೆ: ಸುಳ್ಳು ನೋವು ಎಂದರೆ ಗ್ಯಾಸ್, ಇಲ್ಲವೇ ಹೆದರಿಕೆ.

ಸತ್ಯ: ಅದು ಗರ್ಭಕೋಶದ ಸ್ನಾಯು ನಿಜವಾಗಿಯೂ ಬಿಗಿದು ಸಡಿಲಾಗುವ ಕ್ರಿಯೆ. 1872ರಲ್ಲಿ ಇದನ್ನು ವಿವರಿಸಿದ ಇಂಗ್ಲೆಂಡಿನ ವೈದ್ಯ ಜಾನ್ ಬ್ರಾಕ್ಸ್‌ಟನ್ ಹಿಕ್ಸ್ ಅವರ ಹೆಸರೇ ಇದಕ್ಕೆ ಅಂಟಿಕೊಂಡಿದೆ. ಸುಸ್ತು, ಸಾಕಷ್ಟು ನೀರು ಕುಡಿಯದಿರುವುದು, ತುಂಬಿದ ಮೂತ್ರಚೀಲ ಇದನ್ನು ಕೆರಳಿಸಬಹುದು. ಗರ್ಭಕೋಶದ ಬಾಯಿ ಮಾತ್ರ ಇದರಿಂದ ತೆರೆಯುವುದಿಲ್ಲ. ಹೆರಿಗೆ ನೋವಿಗೂ ಇದಕ್ಕೂ ಇರುವ ಮೂಲ ವ್ಯತ್ಯಾಸ ಅದೇ.

ತಪ್ಪು ಕಲ್ಪನೆ: ಕಷಾಯಕ್ಕೆ ಇಳಿದರೆ ಸುಳ್ಳು, ಇಳಿಯದಿದ್ದರೆ ನಿಜ.

ಸತ್ಯ: ಇದರಲ್ಲಿ ಅರ್ಧ ಹುರುಳಿದೆ. ನೀರು ಕುಡಿದು, ಮೂತ್ರ ಮಾಡಿ, ಮಗ್ಗುಲು ಬದಲಿಸಿ ಮಲಗಿದರೆ ಅಥವಾ ನಾಲ್ಕು ಹೆಜ್ಜೆ ಓಡಾಡಿದರೆ ಸುಳ್ಳು ನೋವು ಸಾಮಾನ್ಯವಾಗಿ ತಗ್ಗುತ್ತದೆ. ಬಿಸಿ ಕಷಾಯವೂ ಹಾಗೆಯೇ ನೆರವಾಗಬಹುದು. ಆದರೆ ಹೆರಿಗೆ ನೋವೂ ಆರಂಭದಲ್ಲಿ ತುಸು ಬಿಡುವು ಕೊಡುವುದುಂಟು. ಆದ್ದರಿಂದ ಗಡಿಯಾರ ಹಿಡಿಯಿರಿ. ಒಂದು ನೋವು ಶುರುವಾದಲ್ಲಿಂದ ಮುಂದಿನದು ಶುರುವಾಗುವವರೆಗೆ ಎಷ್ಟು ನಿಮಿಷ, ಪ್ರತಿ ನೋವು ಎಷ್ಟು ಸೆಕೆಂಡ್ ಇತ್ತು ಎಂದು ಬರೆದಿಡಿ. ಸುಳ್ಳು ನೋವು ಒಮ್ಮೆ ಹತ್ತು ನಿಮಿಷಕ್ಕೆ, ಮತ್ತೊಮ್ಮೆ ಅರ್ಧ ಗಂಟೆಗೆ ಬಂದು ಹಾಗೇ ಕರಗುತ್ತದೆ. ಹೆರಿಗೆ ನೋವಿನಲ್ಲಿ ನಡುವಿನ ಅಂತರ ಕುಗ್ಗುತ್ತದೆ, ನೋವಿನ ಅವಧಿ ಮತ್ತು ಜೋರು ಏರುತ್ತವೆ.

ತಪ್ಪು ಕಲ್ಪನೆ: ಸೊಂಟ ಹಿಡಿದರೆ ಮಾತ್ರ ಹೆರಿಗೆ ನೋವು.

ಸತ್ಯ: ಸೊಂಟದಿಂದ ಮುಂದಕ್ಕೆ ಹಬ್ಬುವ ನೋವು ಒಳ್ಳೆಯ ಸುಳಿವು, ಆದರೆ ಎಲ್ಲರಿಗೂ ಹಾಗಾಗಬೇಕೆಂದಿಲ್ಲ. ಕೆಲವರಿಗೆ ಕಿಬ್ಬೊಟ್ಟೆಯಲ್ಲೇ, ಮುಟ್ಟಿನ ನೋವಿನಂತೆ ಆರಂಭವಾಗುತ್ತದೆ.

ತಪ್ಪು ಕಲ್ಪನೆ: ನೀರು ಹೋಗುವವರೆಗೆ ಅವಸರವಿಲ್ಲ.

ಸತ್ಯ: ಸಿನಿಮಾದಲ್ಲಿ ಮೊದಲು ನೀರು ಹೋಗುತ್ತದೆ. ವಾಸ್ತವದಲ್ಲಿ ದಿನ ತುಂಬಿದ ಹತ್ತು ಬಸುರಿಯರಲ್ಲಿ ಸುಮಾರು ಒಬ್ಬರಿಗಷ್ಟೇ ನೋವಿಗೆ ಮೊದಲು ನೀರು ಹೋಗುತ್ತದೆ. ಆದರೆ ನೀರು ಹೋದರೆ, ನೋವು ಇರಲಿ ಬಿಡಲಿ, ಆಸ್ಪತ್ರೆಗೆ ಹೊರಡಬೇಕು. ನೀರು ಹಸಿರು ಅಥವಾ ಕಂದು ಬಣ್ಣಕ್ಕಿದ್ದರೆ ಒಂದು ಕ್ಷಣವೂ ತಡ ಮಾಡಬಾರದು. ಮಗು ಒಳಗೇ ಮಲ ವಿಸರ್ಜಿಸಿರಬಹುದು.

ತಪ್ಪು ಕಲ್ಪನೆ: ಏಳೆಂಟು ತಿಂಗಳಲ್ಲಿ ಬರುವುದೆಲ್ಲ ಸುಳ್ಳು ನೋವು.

ಸತ್ಯ: 37 ವಾರ ತುಂಬುವ ಮೊದಲು ಕಷಾಯ ಕೊಟ್ಟು ಕಾಯುವ ಪ್ರಶ್ನೆಯೇ ಇಲ್ಲ. ಗಂಟೆಯೊಳಗೆ ನಾಲ್ಕು ಬಾರಿ ಅಥವಾ ಹೆಚ್ಚು ಹೊಟ್ಟೆ ಬಿಗಿದರೆ, ನೋವಿಲ್ಲದಿದ್ದರೂ ವೈದ್ಯರಿಗೆ ತಿಳಿಸಿ. ಬೇಗ ತಲುಪಿದರೆ, ಅಗತ್ಯವಿದ್ದಲ್ಲಿ ಮಗುವಿನ ಶ್ವಾಸಕೋಶ ಬಲಿಯಲು ಚುಚ್ಚುಮದ್ದು ಕೊಡಲು ಸಮಯ ಸಿಗುತ್ತದೆ.

ತಪ್ಪು ಕಲ್ಪನೆ: ಹೆರಿಗೆ ಹತ್ತಿರವಾದಾಗ ಮಗು ಅಲುಗಾಡುವುದು ಕಡಿಮೆಯಾಗುತ್ತದೆ.

ಸತ್ಯ: ಈ ಪಟ್ಟಿಯಲ್ಲೇ ಅತ್ಯಂತ ಅಪಾಯಕಾರಿ ನಂಬಿಕೆ ಇದು. ಜಾಗ ಇಕ್ಕಟ್ಟಾದಂತೆ ಒದೆತದ ರೀತಿ ಬದಲಾಗಬಹುದು, ಆದರೆ ಚಲನೆ ಕೊನೆಯವರೆಗೂ ಇರಬೇಕು. ಕಡಿಮೆಯಾಯಿತು ಎನ್ನಿಸಿದರೆ ಬೆಳಗಾಗಲಿ ಎಂದು ಕಾಯಬೇಡಿ.

ತಪ್ಪು ಕಲ್ಪನೆ: ದಿನಾಂಕ ದಾಟಿದರೆ ಹರಳೆಣ್ಣೆ ಕುಡಿಸಿ ನೋವು ಬರಿಸಬಹುದು.

ಸತ್ಯ: ಖಾತ್ರಿಯಾಗಿ ಬರುವುದು ಭೇದಿ, ವಾಂತಿ, ನಿಶ್ಶಕ್ತಿ. ತಾಯಿ ಕಾರ್ಡಿನಲ್ಲಿ ಬರೆದ ದಿನಾಂಕ ಒಂದು ಅಂದಾಜು. ಅದೇ ದಿನ ಹೆರುವವರು ನೂರಕ್ಕೆ ಐದು ಮಂದಿಯಷ್ಟೇ. ದಿನಾಂಕ ಮೀರಿದರೆ ಏನು ಮಾಡಬೇಕೆಂಬುದನ್ನು ವೈದ್ಯರು ನಿರ್ಧರಿಸಲಿ.

ತಪ್ಪು ಕಲ್ಪನೆ: ಆಸ್ಪತ್ರೆಯಿಂದ ವಾಪಸ್ ಕಳಿಸಿದರೆ ಅವಮಾನ.

ಸತ್ಯ: ನೋವು ನಿಜವೋ ಸುಳ್ಳೋ ಎಂಬುದು ಒಳಪರೀಕ್ಷೆ ಮಾಡದೆ ಕೆಲವೊಮ್ಮೆ ನುರಿತ ಸೂಲಗಿತ್ತಿಗೂ ತಿಳಿಯದು. ಗರ್ಭಕೋಶದ ಬಾಯಿ ತೆರೆದಿದೆಯೇ ಎಂದು ನೋಡಲೆಂದೇ ಆ ಪರೀಕ್ಷೆ. ಮರುದಿನ ಮತ್ತೆ ನೋವು ಬಂದರೆ ಸಂಕೋಚವಿಲ್ಲದೆ ಮತ್ತೆ ಹೋಗಿ.

ಹಾಗಾದರೆ ಹೊರಡುವುದು ಯಾವಾಗ? ದಿನ ತುಂಬಿದ ಚೊಚ್ಚಲ ಬಸುರಿಗೆ ಐದು ನಿಮಿಷಕ್ಕೊಮ್ಮೆ, ಒಂದೊಂದು ನಿಮಿಷದ ನೋವು, ಒಂದು ಗಂಟೆ ಕಾಲ ತಪ್ಪದೆ ಬಂದರೆ ಎಂಬುದು ಸಾಮಾನ್ಯ ಲೆಕ್ಕ. ಎರಡನೇ ಹೆರಿಗೆ ಬೇಗ ಸಾಗುವುದರಿಂದ ಅಷ್ಟು ಕಾಯಬಾರದು. ಹಿಂದೆ ಸಿಸೇರಿಯನ್ ಆಗಿದ್ದರೆ ಮೊದಲ ನೋವಿಗೇ ಹೊರಡಿ. ಮಲೆನಾಡಿನ ಒಂಟಿ ಮನೆಯೋ, ಬಸ್ಸಿಲ್ಲದ ಹಳ್ಳಿಯೋ ಆದರೆ ದಾರಿಯ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಿರಿ.

ರಕ್ತಸ್ರಾವ, ಸಡಿಲವಾಗದೆ ಗಟ್ಟಿಯಾಗಿಯೇ ಉಳಿದ ಹೊಟ್ಟೆ, ತೀವ್ರ ತಲೆನೋವಿನ ಜತೆ ಕಣ್ಣು ಮಂಜಾಗುವುದು: ಇವುಗಳಲ್ಲಿ ಒಂದಿದ್ದರೂ ಗಡಿಯಾರ ಬದಿಗಿಟ್ಟು 108ಕ್ಕೆ ಕರೆ ಮಾಡಿ.