ತ್ಯಾಜ್ಯನೀರಿನಿಂದ ಆರ್ಸೆನಿಕ್ ನಿವಾರಣೆ

ಗಣಿ ಮತ್ತು ಕೈಗಾರಿಕೆಗಳ ತ್ಯಾಜ್ಯನೀರಿನಲ್ಲಿ ಕರಗಿರುವ ಆರ್ಸೆನಿಕ್ಕನ್ನು ಬೇರ್ಪಡಿಸಿ, ಅದು ಮರಳಿ ನೀರಿಗೆ ಸೇರದಂತೆ ಘನರೂಪದಲ್ಲಿ ಬಂಧಿಸುವ ಕ್ರಿಯೆಯನ್ನು ಆರ್ಸೆನಿಕ್ ನಿವಾರಣೆ ಮತ್ತು ಸ್ಥಿರೀಕರಣ ಎನ್ನುತ್ತಾರೆ. ಆರ್ಸೆನಿಕ್ ಒಂದು ಮೂಲಧಾತು. ಸುಟ್ಟರೂ ಕೊಳೆಸಿದರೂ ಅದು ನಾಶವಾಗುವುದಿಲ್ಲ. ಆದ್ದರಿಂದ ನೀರನ್ನು ಶುದ್ಧಗೊಳಿಸುವಷ್ಟೇ ಮುಖ್ಯವಾದುದು, ಬೇರ್ಪಟ್ಟ ವಿಷವನ್ನು ಭದ್ರವಾಗಿರಿಸುವುದು.

== ಮೂಲ ==
ಚಿನ್ನ, ತಾಮ್ರ ಮುಂತಾದ ಲೋಹಗಳ ಅದಿರಿನೊಡನೆ ಆರ್ಸೆನೊಪೈರೈಟ್ ಎಂಬ ಖನಿಜವು ಹಲವೆಡೆ ದೊರೆಯುತ್ತದೆ. ಕರ್ನಾಟಕದ ಹಟ್ಟಿ ಚಿನ್ನದ ಗಣಿಯ ಅದಿರಿನಲ್ಲಿಯೂ ಇದು ಇದೆ. ಅಗೆದ ಬಂಡೆ ಗಾಳಿ ಮತ್ತು ನೀರಿನ ಸಂಪರ್ಕಕ್ಕೆ ಬಂದಾಗ ಆರ್ಸೆನಿಕ್ ಕರಗಿ ಹರಿಯತೊಡಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ಕುಡಿಯುವ ನೀರಿಗೆ ಸೂಚಿಸಿರುವ ಮಿತಿ ಲೀಟರಿಗೆ 0.01 ಮಿಲಿಗ್ರಾಂ.

== ನಿವಾರಣಾ ವಿಧಾನ ==
ನೀರಿನಲ್ಲಿ ಆರ್ಸೆನಿಕ್ ಮುಖ್ಯವಾಗಿ ಆರ್ಸೆನೈಟ್ ಮತ್ತು ಆರ್ಸೆನೇಟ್ ಎಂಬ ಎರಡು ರೂಪಗಳಲ್ಲಿರುತ್ತದೆ. ತಟಸ್ಥ ನೀರಿನಲ್ಲಿ ಆರ್ಸೆನೈಟಿಗೆ ವಿದ್ಯುದಾವೇಶವಿರದ ಕಾರಣ ಅದನ್ನು ಹಿಡಿಯುವುದು ಕಷ್ಟ. ಮೊದಲು ಕ್ಲೋರಿನ್, ಓಜೋನ್ ಅಥವಾ ಹೈಡ್ರೋಜನ್ ಪೆರಾಕ್ಸೈಡ್ ಬಳಸಿ ಅದನ್ನು ಉತ್ಕರ್ಷಣೆಯಿಂದ ಆರ್ಸೆನೇಟಾಗಿ ಮಾರ್ಪಡಿಸುತ್ತಾರೆ. ಬಳಿಕ ಫೆರಿಕ್ ಲವಣವನ್ನು ಬೆರೆಸಿದಾಗ ಕಬ್ಬಿಣದ ಹೈಡ್ರಾಕ್ಸೈಡ್ ಉಂಟಾಗಿ, ಆರ್ಸೆನೇಟನ್ನು ತನ್ನ ಮೇಲ್ಮೈಯಲ್ಲಿ ಹಿಡಿದುಕೊಂಡು ಕೆಸರಾಗಿ ತಳ ಸೇರುತ್ತದೆ.

== ಸ್ಥಿರೀಕರಣ ==
ಸುಣ್ಣವನ್ನು ಬಳಸುವುದು ಅಗ್ಗದ ವಿಧಾನ. ಆದರೆ ಅದರಿಂದ ದೊರೆಯುವ ಕ್ಯಾಲ್ಸಿಯಂ ಆರ್ಸೆನೇಟ್ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡಿನೊಡನೆ ವರ್ತಿಸಿ ಕ್ರಮೇಣ ಆರ್ಸೆನಿಕ್ಕನ್ನು ಬಿಟ್ಟುಕೊಡುತ್ತದೆ. ಕಬ್ಬಿಣದ ಕೆಸರು ಇದಕ್ಕಿಂತ ಸ್ಥಿರವಾದುದು. ಆಮ್ಲಜನಕವಿಲ್ಲದ ಗುಂಡಿಯಲ್ಲಿ ಹೂತರೆ ಮಾತ್ರ ಕಬ್ಬಿಣವು ಫೆರಸ್ ರೂಪಕ್ಕಿಳಿದು ಕರಗಿ, ವಿಷವು ಪುನಃ ಹೊರಬರಬಹುದು. ಆರ್ಸೆನಿಕ್ ಪ್ರಮಾಣ ಹೆಚ್ಚಿರುವ ದ್ರಾವಣಗಳನ್ನು ಬಿಸಿಮಾಡಿ ಸ್ಕೊರೊಡೈಟ್ ಎಂಬ ಹರಳಿನ ರೂಪಕ್ಕೆ ತರುವುದುಂಟು. ಇದು ಕಡಿಮೆ ಜಾಗದಲ್ಲಿ ಹೆಚ್ಚು ಆರ್ಸೆನಿಕ್ಕನ್ನು ಹಿಡಿದಿಡುತ್ತದೆ. ಆದರೆ ಪ್ರಬಲ ಕ್ಷಾರೀಯ ಪರಿಸರದಲ್ಲಿ ಇದೂ ವಿಘಟನೆಗೊಳ್ಳುತ್ತದೆ.

== ಉದಾಹರಣೆ: ಜೈಂಟ್ ಗಣಿ ==
ಕೆನಡಾದ ಯೆಲ್ಲೋನೈಫ್ ನಗರದ ಬಳಿಯಿರುವ ಜೈಂಟ್ ಚಿನ್ನದ ಗಣಿಯು 1948ರಿಂದ 2004ರವರೆಗೆ ನಡೆಯಿತು. ಅಲ್ಲಿ ಅದಿರನ್ನು ಹುರಿದಾಗ ಉಂಟಾದ ಸುಮಾರು 2,37,000 ಟನ್ ಆರ್ಸೆನಿಕ್ ಟ್ರೈಆಕ್ಸೈಡ್ ಪುಡಿಯನ್ನು ನೆಲದಡಿಯ ಕೋಣೆಗಳಲ್ಲಿ ತುಂಬಿಡಲಾಗಿದೆ. ಈ ಪುಡಿ ನೀರಿನಲ್ಲಿ ಕರಗುವಂಥದು. ಆದ್ದರಿಂದ ಗಣಿಯೊಳಗಿನ ನೀರನ್ನು ಮೇಲೆತ್ತಿ ಸಂಸ್ಕರಿಸಬೇಕಾಗಿದೆ. ಕೋಣೆಗಳ ಸುತ್ತಲಿನ ಬಂಡೆಯನ್ನು ಹೆಪ್ಪುಗಟ್ಟಿಸಿ, ಪುಡಿಗೆ ನೀರು ತಾಗದಂತೆ ಮಾಡುವ ಯೋಜನೆಯನ್ನು ಕೈಗೊಳ್ಳಲಾಗಿದೆ. ಗಣಿ ಮುಚ್ಚಿದರೂ ಈ ಕಾವಲು ಮುಗಿಯುವುದಿಲ್ಲ. ಅದು ಮುಂದಿನ ತಲೆಮಾರುಗಳ ಹೊಣೆಯಾಗಿ ಉಳಿಯುತ್ತದೆ.