ರಾತ್ರಿ ಹಲ್ಲಿಗೂ ರಜೆ ಕೊಡಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಎಂದು ಬ್ಯಾಂಕಿನ ಕೌಂಟರುಗಳಲ್ಲೇ ನನ್ನ ಆಯುಷ್ಯ ಕಳೆಯಿತು. ನಾನು ನಿವೃತ್ತನಾದ ಮೇಲೆ ಹಲ್ಲುಗಳೂ ಒಂದೊಂದಾಗಿ ನಿವೃತ್ತವಾದವು. ಸೆಟ್ ಹಲ್ಲು ಬಂತು. ಬೊಚ್ಚುಬಾಯಿ ಕಂಡು ಮೊಮ್ಮಗಳು ನಕ್ಕಾಳೆಂಬ ನಾಚಿಕೆಯಿಂದ ರಾತ್ರಿಯೂ ಅದನ್ನು ತೆಗೆಯುತ್ತಿರಲಿಲ್ಲ.

ಕಳೆದ ಮಳೆಗಾಲದಲ್ಲಿ ಸಾರು ಬಾಯಿಗಿಟ್ಟರೆ ಉರಿ. ಕನ್ನಡಿಯಲ್ಲಿ ನೋಡಿದರೆ ಬಾಯಿಯ ಮೇಲಂಗಳವೆಲ್ಲ ಕೆಂಪು, ತುಟಿಯ ಮೂಲೆಗಳಲ್ಲಿ ಬಿರುಕು.

ಮದ್ದು ಹೇಳುವವರಿಗೆ ನಮ್ಮಲ್ಲಿ ಬರವೇ? ಬಂಟ್ವಾಳದ ಹಳೆಯ ಸಹೋದ್ಯೋಗಿ ಪೇರಳೆ ಚಿಗುರಿನ ಕಷಾಯ ಮುಕ್ಕಳಿಸಲು ಹೇಳಿದರು. ಬೆಳ್ತಂಗಡಿಯ ಅತ್ತಿಗೆ ಕೇಪಳ ಹೂವನ್ನು ತುಪ್ಪದಲ್ಲಿ ಬಾಡಿಸಿ, ತೆಂಗಿನತುರಿ, ಜೀರಿಗೆಯೊಂದಿಗೆ ಅರೆದು, ಮಜ್ಜಿಗೆ ಬೆರೆಸಿ ತಂಬುಳಿ ಮಾಡಿಕೊಟ್ಟರು. ಮೂಡುಬಿದಿರೆಯ ನೆರೆಮನೆಯವರು ಜಾಜಿ ಎಲೆ ಜಗಿದು ಉಗುಳಿ ಎಂದರು. ಬಾಯಿಹುಣ್ಣಿಗೆ ಆಯುರ್ವೇದ ಹೇಳುವ ಮದ್ದೇ ಅದು. ಆದರೆ ಜಗಿಯಲು ಹಲ್ಲೆಲ್ಲಿ? ಕುದಿಸಿ ಮುಕ್ಕಳಿಸಿದೆ.

ಉರಿ ಇಳಿಯಿತು. ವಾರ ಕಳೆದು ಮತ್ತೆ ಬಂತು.

ಕೊನೆಗೆ ದಂತವೈದ್ಯರಲ್ಲಿಗೆ ಹೋದೆ. "ರಾತ್ರಿ ಸೆಟ್ ತೆಗೆದಿಡ್ತೀರಾ ಸರ್?" ಎಂಬುದೇ ಅವರ ಮೊದಲ ಪ್ರಶ್ನೆ. ನಾನು ತಲೆ ತಗ್ಗಿಸಿದೆ.

ಕ್ಯಾಂಡಿಡಾ ಎಂಬ ಶಿಲೀಂಧ್ರ ಅನೇಕರ ಬಾಯಿಯಲ್ಲಿ ಸುಮ್ಮನೆ ಇರುತ್ತದೆ. ಸೆಟ್‌ನ ಅಡಿಗೆ ಜೊಲ್ಲು ಸರಿಯಾಗಿ ಹರಿಯದು. ಅಲ್ಲಿಯ ಬಿಸಿ, ತೇವದಲ್ಲಿ ಅದು ಹೆಚ್ಚುತ್ತದೆ, ಸೆಟ್‌ಗೂ ಅಂಟಿಕೊಳ್ಳುತ್ತದೆ. ಸಕ್ಕರೆ ಕಾಯಿಲೆ, ಒಣಬಾಯಿ, ಉಬ್ಬಸದ ಇನ್‌ಹೇಲರ್ ಇದ್ದವರಿಗೆ ತೊಂದರೆ ಜಾಸ್ತಿ. ಎಷ್ಟೋ ಮಂದಿಗೆ ನೋವೇ ಇರದು, ಹಾಗಾಗಿ ಗೊತ್ತೂ ಆಗದು.

ಗಿಡಮೂಲಿಕೆಯನ್ನು ತಳ್ಳಿಹಾಕಬೇಕಿಲ್ಲ. ಬ್ರೆಜಿಲ್‌ನಲ್ಲಿ ಇದೇ ಕಾಯಿಲೆಯ 60 ಮಂದಿಯ ಮೇಲೆ ದಾಳಿಂಬೆ ಸಾರದ ಜೆಲ್ ಪರೀಕ್ಷಿಸಿ, 2003ರಲ್ಲಿ ವರದಿ ಪ್ರಕಟಿಸಿದರು. ಹಲವರಿಗೆ ಗುಣ ಕಂಡಿತು. ಮೈಕೊನಜೋಲ್ ಎಂಬ ಔಷಧ ತುಸು ಮೇಲಾಯಿತು. ಆದರೆ ಸೆಟ್ ಕೊಳೆಯಾಗಿದ್ದರೆ ಯಾವ ಮದ್ದೂ ನಿಲ್ಲದು. ನನ್ನ ಕಷಾಯಗಳು ಬಡ್ಡಿ ಕಟ್ಟಿದಂತೆ. ಅಸಲು ಹಾಗೇ ಉಳಿದಿತ್ತು.

ಈಗ ನನ್ನ ಕ್ರಮ ಇಷ್ಟು. ಊಟವಾದ ಮೇಲೆ ಸೆಟ್ ತೆಗೆದು ತೊಳೆಯುತ್ತೇನೆ. ಮಲಗುವ ಮೊದಲು ಮೆದು ಬ್ರಷ್, ಸಾಬೂನಿನಿಂದ ಉಜ್ಜಿ, ರಾತ್ರಿ ತಣ್ಣೀರಿನಲ್ಲಿ ಇಡುತ್ತೇನೆ. ಕುದಿನೀರು ಬೇಡ, ಸೆಟ್ ಸೊಟ್ಟಗಾದೀತು. ಹಲ್ಲುಪುಡಿಯೂ ಬೇಡ, ಅದು ಗೀರುತ್ತದೆ. ಒಸಡು, ಮೇಲಂಗಳ, ನಾಲಿಗೆಯನ್ನೂ ಒರೆಸುತ್ತೇನೆ. ಸಡಿಲವಾದ ಸೆಟ್ ಅನ್ನು ವೈದ್ಯರೇ ಸರಿಪಡಿಸಬೇಕು. ಅವರು ಕೊಟ್ಟ ಮದ್ದನ್ನು ಪೂರ್ತಿ ಮುಗಿಸಬೇಕು.

ಇನ್ನೊಂದು ಮಾತು. ಎಲೆಅಡಿಕೆ, ಹೊಗೆಸೊಪ್ಪಿನ ಊರು ನಮ್ಮದು. ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ ಕಷಾಯ ಕುದಿಸುತ್ತ ಕೂರಬೇಡಿ. ಅದು ಕ್ಯಾನ್ಸರಿನ ಮೊದಲ ಗುರುತೂ ಆಗಿರಬಹುದು. ಕೂಡಲೇ ತೋರಿಸಿ.

ಮಕ್ಕಳೇ, ನಿಮ್ಮ ಅಜ್ಜ-ಅಜ್ಜಿಗೆ ಇದನ್ನು ಓದಿ ಹೇಳಿ. ನನ್ನ ಬೊಚ್ಚುಬಾಯಿ ಕಂಡು ಮೊಮ್ಮಗಳು ನಕ್ಕಳು, ನಿಜ. ಆದರೆ ಈಗ ದಿನಾ ರಾತ್ರಿ ಬಟ್ಟಲಲ್ಲಿ ನೀರು ತುಂಬಿಸಿ ತರುವವಳು ಅವಳೇ: "ಅಜ್ಜಾ, ಹಲ್ಲಿಗೆ ನಿದ್ದೆ ಬಂತು!"