ಲೆಸ್ ಮಾಡ್ರಿ, ಕವರ್ ಕೊಡ್ರಿ: ಅಂಗಡಿ ಇಂಗ್ಲಿಷ್‌ನಲ್ಲಿ ನಾವು ಎಡವೋದು ಎಲ್ಲಿ?

ದಾವಣಗೆರೆ ಮಂಡಿಪೇಟೆಯ ಒಂದು ಅಂಗಡಿಗೆ ಹೋಗಿದ್ದೀರಿ ಅಂದ್ಕೊಳ್ಳಿ. ‘ಅಣ್ಣಾ, ಇದರ ರೇಟ್ ಎಷ್ಟ್ರೀ? ಸ್ವಲ್ಪ ಲೆಸ್ ಮಾಡ್ರಿ. ಚೇಂಜ್ ಇಲ್ಲ, ಫೋನ್‌ಪೇ ಮಾಡ್ತೀನಿ. ಒಂದು ಕವರ್ ಕೊಡ್ರಿ.’ ಇಷ್ಟರಲ್ಲೇ ನಾಲ್ಕೈದು ಇಂಗ್ಲಿಷ್ ಪದ ಬಂದವು. ಅಂದ್ರೆ ನಮಗೆ ಇಂಗ್ಲಿಷ್ ಪದ ಬರಲ್ಲ ಅನ್ನೋದು ಸುಳ್ಳು. ಆದರೂ ಬೆಂಗಳೂರಿನ ಮಾಲ್‌ನಲ್ಲೋ, ಕಸ್ಟಮರ್ ಕೇರ್ ಕರೆಯಲ್ಲೋ, ಸೇಲ್ಸ್ ಕೆಲಸದ ಇಂಟರ್‌ವ್ಯೂನಲ್ಲೋ ಬಾಯಿ ಕಟ್ಟುತ್ತೆ. ಯಾಕೆ? ಎಡವೋದು ಮೂರೇ ಜಾಗದಲ್ಲಿ. ಇವತ್ತು ಅವನ್ನೇ ನೋಡೋಣ.

ಮೊದಲನೆಯದು, ನಮ್ಮದಾಗಿಬಿಟ್ಟ ಇಂಗ್ಲಿಷ್. ‘ಕವರ್’ ಅಂದ್ರೆ ನಮಗೆ ಕೈಚೀಲ. ಹೊರಗಿನವರಿಗೆ ಅದು ಮುಚ್ಚಳ ಅಥವಾ ಹೊದಿಕೆ. ಅಲ್ಲಿ ‘ಕ್ಯಾನ್ ಐ ಹ್ಯಾವ್ ಎ ಬ್ಯಾಗ್, ಪ್ಲೀಸ್?’ ಅನ್ನಿ. ‘ಲೆಸ್ ಮಾಡಿ’ ಅನ್ನೋದನ್ನ ‘ಲೆಸ್ ಇಟ್’ ಅಂದ್ರೆ ಇಂಗ್ಲಿಷ್ ಆಗಲ್ಲ. ‘ಕ್ಯಾನ್ ಯೂ ರೆಡ್ಯೂಸ್ ದ ಪ್ರೈಸ್ ಎ ಲಿಟಲ್?’ ಅನ್ನಬೇಕು. ‘ಚೇಂಜ್’ ಅಂದ್ರೆ ಚಿಲ್ಲರೆ. ಅಂಗಿ ಬದಲಿಸಿ ಕೊಡಿ ಅನ್ನೋಕೆ ‘ಐ ವಾಂಟ್ ಟು ಎಕ್ಸ್‌ಚೇಂಜ್ ದಿಸ್’ ಅನ್ನಿ. ನಾವು ಮಾತಾಡೋದು ತಪ್ಪು ಅಂತಲ್ಲ, ಊರಲ್ಲಿ ಅದೇ ಸರಿ. ಎದುರಿಗಿರೋರು ಯಾರು ಅಂತ ನೋಡಿ ಪದ ಬದಲಿಸಬೇಕು, ಅಷ್ಟೇ.

ಎರಡನೆಯದು, ಅಂಕಿ. ಇಲ್ಲಿ ನಷ್ಟ ನೇರವಾಗಿ ಜೇಬಿಗೆ. ‘ಫಿಫ್ಟೀನ್’ ಮತ್ತು ‘ಫಿಫ್ಟಿ’ ಎರಡನ್ನೂ ಒಮ್ಮೆ ಜೋರಾಗಿ ಹೇಳಿ ನೋಡಿ. ಹದಿನೈದರಲ್ಲಿ ಕೊನೆಯ ‘ಟೀನ್’ ಮೇಲೆ ಒತ್ತು, ಸ್ವಲ್ಪ ಎಳೆತ. ಐವತ್ತರಲ್ಲಿ ಒತ್ತು ಮೊದಲ ‘ಫಿಫ್’ ಮೇಲೆ, ಕೊನೆ ತಟ್ಟನೆ ಮುಗಿಯುತ್ತೆ. ಕನ್ನಡದಲ್ಲಿ ಒತ್ತು ಬದಲಾದರೆ ಪದದ ಅರ್ಥ ಬದಲಾಗಲ್ಲ. ಅದಕ್ಕೇ ನಮ್ಮ ಕಿವಿ ಈ ವ್ಯತ್ಯಾಸಕ್ಕೆ ಗಮನ ಕೊಡಲ್ಲ. ಅನುಮಾನ ಬಂದ್ರೆ ನಾಚಿಕೆ ಬೇಡ, ಕೇಳಿಬಿಡಿ: ‘ಒನ್ ಫೈವ್, ಆರ್ ಫೈವ್ ಝೀರೋ?’ ಇನ್ನೊಂದು, ‘ಟ್ವೆಲ್ವ್ ಫಿಫ್ಟಿ’ ಅಂದ್ರೆ ಅಂಗಡಿಯಲ್ಲಿ 1,250 ರೂಪಾಯಿ. ‘ಅಪ್ ಟು ಫಿಫ್ಟಿ ಪರ್ಸೆಂಟ್ ಆಫ್’ ಅಂದ್ರೆ ರಿಯಾಯಿತಿ ಹೆಚ್ಚೆಂದರೆ ಅರ್ಧ. ಎಲ್ಲದಕ್ಕೂ ಅರ್ಧ ಬೆಲೆ ಅಲ್ಲ.

ಮೂರನೆಯದು, ವಾಪಸ್ ಕೊಡುವ ಮಾತು. ‘ರೀಫಂಡ್’ ಅಂದ್ರೆ ದುಡ್ಡು ವಾಪಸ್. ‘ಎಕ್ಸ್‌ಚೇಂಜ್’ ಅಂದ್ರೆ ವಸ್ತುವಿಗೆ ಬದಲು ವಸ್ತು. ‘ಸ್ಟೋರ್ ಕ್ರೆಡಿಟ್’ ಅಂದ್ರೆ ದುಡ್ಡು ಕೈಗೆ ಬರಲ್ಲ, ಅದೇ ಅಂಗಡಿಯಲ್ಲೇ ಖರ್ಚು ಮಾಡಬೇಕು. ಈ ಮೂರರಲ್ಲಿ ಯಾವುದು ಅಂತ ಗೊತ್ತಾಗದೆ ಫೋನ್‌ನಲ್ಲಿ ‘ಯೆಸ್, ಓಕೆ’ ಅಂದ್ರೆ ಮಾತು ಅಲ್ಲಿಗೇ ಮುಗಿದುಹೋಗಬಹುದು. ಹೀಗೆ ಅಭ್ಯಾಸ ಮಾಡಿ:

‘ದಿಸ್ ಈಸ್ ಡಿಫೆಕ್ಟಿವ್. ಐ ವಾಂಟ್ ಎ ರೀಫಂಡ್.’
‘ವಿ ಕ್ಯಾನ್ ಗಿವ್ ಯೂ ಸ್ಟೋರ್ ಕ್ರೆಡಿಟ್.’
‘ನೋ, ಥ್ಯಾಂಕ್ ಯೂ. ಐ ವಾಂಟ್ ದ ಮನಿ ಬ್ಯಾಕ್.’

ಈ ಮಾತಿನ ಹಿಂದೆ ಕಾನೂನೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ, ದೋಷವಿರುವ ವಸ್ತುವನ್ನು ಬಿಲ್‌ನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹಾಕಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ಹಣ ಮರಳಿಸಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಬಣ್ಣ ಇಷ್ಟವಾಗಲಿಲ್ಲ ಅನ್ನೋದು ಮಾತ್ರ ದೋಷ ಆಗಲ್ಲ, ನೆನಪಿರಲಿ. ಬಿಲ್ ಇಟ್ಟುಕೊಳ್ಳೋದನ್ನೂ ಮರೀಬೇಡಿ. ಇಂಗ್ಲಿಷ್ ಕೈಕೊಟ್ಟರೂ ಹಕ್ಕು ಹೋಗಲ್ಲ: ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಕನ್ನಡದಲ್ಲೇ ದೂರು ಹೇಳಬಹುದು.

ಅಭ್ಯಾಸಕ್ಕೆ ಟೈಮ್ ಎಲ್ಲಿದೆ ಅಂತೀರಾ? ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿಲೋಮೀಟರ್. ಕಾಲೇಜಿಗೋ ಕೆಲಸಕ್ಕೋ ದಿನಾ ಓಡಾಡೋರಿಗೆ ಬಸ್ಸೇ ತರಗತಿ. ಹೋಗುವಾಗ ಇಯರ್‌ಫೋನ್ ಹಾಕಿ ಅಂಗಡಿ ಸಂಭಾಷಣೆ ಒಂದನ್ನ ಎರಡು ಸಲ ಕೇಳಿ. ಮೊದಲ ಸಲ ಬರೀ ಅಂಕಿ ಹಿಡೀರಿ, ಎರಡನೇ ಸಲ ಮಾತು. ಬರುವಾಗ ಕಿಟಕಿಯಾಚೆ ಕಾಣುವ ಅಂಗಡಿ ಬೋರ್ಡ್ ನೋಡಿ, ಅಲ್ಲಿ ಏನು ಕೇಳ್ತೀರಿ ಅಂತ ಮನಸ್ಸಲ್ಲೇ ಒಂದು ವಾಕ್ಯ ಕಟ್ಟಿ. ಮನೆಗೆ ಬಂದು ಅಣ್ಣನೋ ತಂಗಿಯೋ ಅಂಗಡಿಯವರಾಗಲಿ, ನೀವು ಗಿರಾಕಿ. ಆಮೇಲೆ ಪಾತ್ರ ಅದಲುಬದಲು ಮಾಡಿ. ಸೇಲ್ಸ್ ಕೆಲಸ ಹುಡುಕ್ತಿರೋರಿಗೆ ಅಂಗಡಿಯವರ ಪಾತ್ರವೇ ಹೆಚ್ಚು ಉಪಯೋಗ.

ಒಂದು ವಾರ ಹೀಗೆ ಮಾಡಿ ನೋಡಿ. ತಪ್ಪಾದ್ರೆ ಆಗಲಿ, ತಪ್ಪಾಗೋದು ಮನೆಯಲ್ಲೇ ತಾನೇ! ಮುಂದಿನ ಸಂಚಿಕೆಯಲ್ಲಿ ಸಿಗೋಣ.